ಆಜ್ಞೆ ನೀಡುವ ಧ್ವನಿಗಳು ಮತ್ತು ಅರಿವಿನ ಚಿಕಿತ್ಸೆ

ಎದುರಿಗೆ ಯಾರೂ ಇಲ್ಲದಿರುವಾಗ ಮಾತು ಕೇಳಿಸುವುದು ಸ್ಕಿಜೋಫ್ರೇನಿಯಾ ಮೊದಲಾದ ತೀವ್ರ ಮಾನಸಿಕ ಕಾಯಿಲೆಗಳ ಸಾಮಾನ್ಯ ಲಕ್ಷಣ. ಕೆಲವರಲ್ಲಿ ಈ ಧ್ವನಿಗಳು ಆಜ್ಞಾಪಿಸುತ್ತವೆ: "ಊಟ ಮಾಡಬೇಡ", "ಮಾತ್ರೆ ಎಸೆ", "ನೀನು ಬದುಕಬೇಡ". ಧ್ವನಿ ದೇವರದು, ದೆವ್ವದ್ದು ಅಥವಾ ತೀರಿಕೊಂಡ ಹಿರಿಯರದು ಎಂದು ನಂಬಿದವರು, ಆಜ್ಞೆ ಮೀರಿದರೆ ಮನೆಯವರಿಗೆ ಕೇಡಾಗುವುದೆಂದು ಹೆದರುತ್ತಾರೆ. ದೊಡ್ಡ ಆಜ್ಞೆಯಿಂದ ಪಾರಾಗಲು ಚಿಕ್ಕದನ್ನು ಪಾಲಿಸುವವರೂ ಇದ್ದಾರೆ. ಅರ್ಧ ಊಟಕ್ಕೇ ಎದ್ದುಹೋಗುವುದನ್ನು ಮನೆಯವರು ಹಟವೆಂದು ಭಾವಿಸುತ್ತಾರೆ, ಅದು ಭಯವಾಗಿರಬಹುದು.

ಅರಿವಿನ ಚಿಕಿತ್ಸೆಯ ಗುರಿ ಈ ಭಯ, ಧ್ವನಿಯನ್ನು ಅಡಗಿಸುವುದಲ್ಲ. ಆಜ್ಞೆ ಮೀರಿದ ದಿನ ಬೆದರಿಕೆ ನಿಜವಾಯಿತೇ, ಧ್ವನಿಗೆ ತಾನಾಗಿ ಏನನ್ನಾದರೂ ಮಾಡಲು ಸಾಧ್ಯವೇ ಎಂಬುದನ್ನು ಚಿಕಿತ್ಸಕರು ವ್ಯಕ್ತಿಯೊಡನೆ ಕುಳಿತು, ವಾದಿಸದೆ, ಪರಿಶೀಲಿಸುತ್ತಾರೆ. ಪಾಲಿಸದೆಯೂ ಏನೂ ಆಗಲಿಲ್ಲವೆಂಬುದು ಅನುಭವಕ್ಕೆ ಬಂದಂತೆ ಧ್ವನಿಯ ಹಿಡಿತ ಸಡಿಲಗೊಳ್ಳುತ್ತದೆ. ಬ್ರಿಟನ್ನಿನಲ್ಲಿ ಮ್ಯಾಕ್ಸ್ ಬರ್ಚ್‌ವುಡ್ ಮತ್ತು ಸಂಗಡಿಗರು 197 ಮಂದಿಯ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18 ತಿಂಗಳ ನಂತರ ಆಜ್ಞೆಯನ್ನು ಪೂರ್ಣವಾಗಿ ಪಾಲಿಸಿದವರು ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 46, ಇದನ್ನೂ ಪಡೆದವರಲ್ಲಿ ಶೇ. 28. ಧ್ವನಿಗಳು ಕೇಳಿಸುವುದು ಹೆಚ್ಚೇನೂ ತಗ್ಗಲಿಲ್ಲ. ಅವುಗಳ ಅಧಿಕಾರದ ಮೇಲಿನ ನಂಬಿಕೆ ತಗ್ಗಿತು. ಇದು ಔಷಧಕ್ಕೆ ಬದಲಿಯಲ್ಲ, ಅದರ ಜೊತೆಗೆ ನೀಡುವಂಥದು.

ಇದಕ್ಕೆ ತರಬೇತಿ ಹೊಂದಿದ ಮನಶ್ಶಾಸ್ತ್ರಜ್ಞರು ಹಾಗೂ ತಿಂಗಳುಗಳ ಕಾಲಾವಕಾಶ ಬೇಕಾದುದರಿಂದ ಎಲ್ಲೆಡೆ ಸುಲಭವಾಗಿ ದೊರೆಯದು. ಮಾನಸಿಕ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಪ್ರಯತ್ನವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿತು. ಬೂವನಹಳ್ಳಿ ಹಾಗೂ ಸುತ್ತಲಿನ ಗ್ರಾಮಸ್ಥರು ಮೊದಲ ತಪಾಸಣೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು. ದೇವರಿಗೆ ಹರಕೆ ಹೊರುವುದಕ್ಕೆ ಅಡ್ಡಿಯಿಲ್ಲ. ಅದಕ್ಕಾಗಿ ಮಾತ್ರೆ ನಿಲ್ಲಿಸಬಾರದು.

ಮನೆಯವರು "ಅದೆಲ್ಲಾ ಸುಳ್ಳು" ಎಂದು ಗದರಬಾರದು. ಹೌದೆಂದು ತಲೆಯಾಡಿಸುವುದೂ ಬೇಡ. ಧ್ವನಿ ಏನು ಹೇಳುತ್ತಿದೆ, ಪಾಲಿಸದಿದ್ದರೆ ಏನಾಗುವುದೆಂಬ ಅಂಜಿಕೆ ಇದೆ ಎಂದು ಶಾಂತವಾಗಿ ಕೇಳಬೇಕು. ಸಾಯುವಂತೆ ಹೇಳುತ್ತಿದೆಯೇ ಎಂದು ನೇರವಾಗಿ ವಿಚಾರಿಸುವುದರಿಂದ ಅಪಾಯ ಹೆಚ್ಚುವುದಿಲ್ಲ. ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೆ ಅಥವಾ ಇತರರಿಗೆ ಹಾನಿ ಮಾಡುವ ಆಜ್ಞೆಯನ್ನು ತಡೆದುಕೊಳ್ಳಲಾರೆನೆಂದು ವ್ಯಕ್ತಿ ಹೇಳಿದಲ್ಲಿ ಒಂಟಿಯಾಗಿ ಬಿಡದೆ, 108 ಆಂಬುಲೆನ್ಸ್ ಕರೆಸಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.