ಬೆಣ್ಣೆ ಹಣ್ಣು ನಡೆದ ಹಾದಿಯಲ್ಲಿ ದುರ್ಗದ ದಾಳಿಂಬೆ

ಚಿತ್ರದುರ್ಗ: ಹಣ್ಣೊಂದು ಕಡಲಾಚೆಯ ಮಾರುಕಟ್ಟೆ ಗೆಲ್ಲಲು ರುಚಿಯೊಂದೇ ಸಾಲದು, ಸಿಪ್ಪೆಯೂ ಗಟ್ಟಿ ಇರಬೇಕು. ನಗರಗಳ ಅಂಗಡಿಗಳಲ್ಲಿ ಈಗ ಎದ್ದು ಕಾಣುವ ಬೆಣ್ಣೆ ಹಣ್ಣೇ ಇದಕ್ಕೆ ನಿದರ್ಶನ. ಅಮೆರಿಕದಲ್ಲಿ ಅದನ್ನು ಬಹುಕಾಲ 'ಮೊಸಳೆ ಪೇರ್' ಎಂದು ಕರೆಯುತ್ತಿದ್ದರು. ಆ ಹೆಸರಿಗೆ ಗಿರಾಕಿಗಳು ಮೂಗು ಮುರಿದಾರೆಂದು ಕ್ಯಾಲಿಫೋರ್ನಿಯಾದ ಬೆಳೆಗಾರರು 1915ರಲ್ಲಿ ಸಭೆ ಸೇರಿ 'ಅವಕಾಡೊ' ಎಂಬ ಹೆಸರನ್ನು ನೆಲೆಗೊಳಿಸಿದರು. ಅಲ್ಲಿನ ಪೋಸ್ಟ್‌ಮನ್ ರುಡಾಲ್ಫ್ ಹಾಸ್ ಅವರ ತೋಟದ ಮರವೊಂದಕ್ಕೆ 1935ರಲ್ಲಿ ಪೇಟೆಂಟ್ ದೊರೆಯಿತು. ದಪ್ಪ ಸಿಪ್ಪೆಯ, ದೂರದ ಪ್ರಯಾಣ ತಾಳುವ ಆ 'ಹಾಸ್' ತಳಿಯೇ ಇಂದು ವಿಶ್ವದ ವಹಿವಾಟಿನಲ್ಲಿ ಸಿಂಹಪಾಲು ಪಡೆದಿದೆ.

ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ದಾಳಿಂಬೆಯದೂ ಹೆಚ್ಚುಕಡಿಮೆ ಇದೇ ಕಥೆ. ಹೊಳಲ್ಕೆರೆಯ ಅಡಿಕೆ ತೋಟಗಳು ಬೇಡುವಷ್ಟು ನೀರನ್ನು ದಾಳಿಂಬೆ ಬೇಡುವುದಿಲ್ಲ. ಹನಿ ನೀರಾವರಿ ಇದ್ದರೆ ಕೊಳವೆಬಾವಿಯ ಅಲ್ಪ ನೀರಿನಲ್ಲೇ ಬೆಳೆಯುತ್ತದೆ. ಒಣ ನೆಲದಿಂದ ಇನ್ನೊಂದು ಲಾಭವೂ ಉಂಟು. ಬೆಳೆಗಾರ ಕೆಲ ವಾರ ನೀರು ನಿಲ್ಲಿಸಿ ಗಿಡವನ್ನು ಬಾಡಿಸುತ್ತಾನೆ. ಎಲೆ ಉದುರಿದ ಮೇಲೆ ರೆಂಬೆ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ತೋಟವೆಲ್ಲ ಒಟ್ಟಿಗೆ ಹೂವಾಗುತ್ತದೆ. ಕೊಯ್ಲಿನ ಕಾಲ ಹೀಗೆ ಅವನ ಕೈಯಲ್ಲೇ ಇರುತ್ತದೆ.

ಹಿಂದೆ ಪ್ರಚಲಿತವಾಗಿದ್ದ 'ಗಣೇಶ್' ತಳಿಯ ಕಾಳು ತಿಳಿಗುಲಾಬಿ ಬಣ್ಣದ್ದು. ಮಹಾರಾಷ್ಟ್ರದ ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ 2003-04ರಲ್ಲಿ ಬಿಡುಗಡೆ ಮಾಡಿದ 'ಭಗವಾ' ತಳಿ ಚಿತ್ರಣವನ್ನೇ ಬದಲಿಸಿತು. ಹೊಳೆಯುವ ಕೇಸರಿ ಬಣ್ಣದ ದಪ್ಪ ಸಿಪ್ಪೆ, ಕೆಂಪು ಕಾಳು, ಮೆದು ಬೀಜ. ರಫ್ತಿಗೆ ಹೇಳಿ ಮಾಡಿಸಿದ ಹಣ್ಣು. ಕೊಲ್ಲಿ ರಾಷ್ಟ್ರಗಳು ಹಾಗೂ ಯುರೋಪಿನಲ್ಲಿ ಭಾರತದ ದಾಳಿಂಬೆ ಗುರುತಿಸಿಕೊಂಡದ್ದು ಬಹುಪಾಲು ಈ ತಳಿಯಿಂದ.

ಆದರೆ ಒಂದೇ ತಳಿಯನ್ನು ನೆಚ್ಚಿದರೆ ಅಪಾಯ ತಪ್ಪಿದ್ದಲ್ಲ. ದುಂಡಾಣು ಅಂಗಮಾರಿ ರೋಗಕ್ಕೆ 'ಭಗವಾ' ಸುಲಭವಾಗಿ ತುತ್ತಾಗುತ್ತದೆ. ಕಾಯಿಯ ಮೇಲೆ ಎಣ್ಣೆ ಸವರಿದಂತಹ ಕಪ್ಪು ಚುಕ್ಕೆ ಮೂಡಿ, ಸಿಪ್ಪೆ ಸೀಳುತ್ತದೆ. ರೋಗ ತಗುಲಿದ ಗಿಡದಿಂದ ಗೂಟಿ ಕಟ್ಟಿ ತೆಗೆದ ಸಸಿ, ಸವರುವ ಕತ್ತರಿ, ಮಳೆಯ ಸಿಡಿಹನಿ ಇವೆಲ್ಲವೂ ಅದನ್ನು ಹೊತ್ತೊಯ್ಯುತ್ತವೆ. 2000ರ ದಶಕದಲ್ಲಿ ರಾಜ್ಯದ ಎಷ್ಟೋ ರೈತರು ತೋಟಗಳನ್ನು ಬೇರುಸಹಿತ ಕಿತ್ತೆಸೆಯಬೇಕಾಯಿತು. ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಲ್ಲಿ ಸೊಲ್ಲಾಪುರದಲ್ಲಿ ಆರಂಭವಾಯಿತು.

ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯೇ ಸಂಭ್ರಮಿಸಿತ್ತು. ಆದರೆ ಅಂತಹ ಸತತ ಮಳೆ, ಮೋಡದ ವಾತಾವರಣವೇ ಅಂಗಮಾರಿಗೆ ಹಬ್ಬ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂ ಬಿಡಿಸುವ 'ಹಸ್ತ ಬಹಾರ್'ನಲ್ಲಿ ರೋಗದ ಕಾಟ ಕಡಿಮೆ. ಅದನ್ನು ಆಯ್ದುಕೊಂಡವರಿಗೆ ಕಾಯಿ ದಪ್ಪವಾಗುವ ಬೇಸಿಗೆಯ ಹೊತ್ತಿಗೆ ಕೊಳವೆಬಾವಿಯಲ್ಲಿ ನೀರು ಉಳಿದಿರಬೇಕು.