ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ?

ಮುಂಬಯಿ: ಊರಿನಲ್ಲಿ ತಂದೆ ತೀರಿಕೊಂಡ ಬಳಿಕ ಅವರ ಬ್ಯಾಂಕ್ ಠೇವಣಿಗಾಗಿ ರಜೆ ಹಾಕಿ ಅಲೆದವರು ನಮ್ಮ ಮುಂಬಯಿ ಕನ್ನಡಿಗರಲ್ಲಿ ಅನೇಕರು. ಇಂಥ ಅರ್ಜಿಯನ್ನು 15 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವಿದೆ. ಆದರೆ ಲೆಕ್ಕ ಶುರುವಾಗುವುದು ಅರ್ಜಿ ಕೊಟ್ಟಂದಿನಿಂದಲ್ಲ, ದಾಖಲೆಗಳೆಲ್ಲ ಪೂರ್ತಿಯಾದಂದಿನಿಂದ. 'ಇನ್ನೊಂದು ಕಾಗದ ಬೇಕು' ಎಂಬ ಹಂತದಲ್ಲಿ ಮೂರು ತಿಂಗಳು ಕಳೆದರೂ ಅದು ಲೆಕ್ಕಕ್ಕಿಲ್ಲ! ರಿಜಿಸ್ಟರಿನಲ್ಲಿ ಅರ್ಜಿ ಬಂದ ತಾರೀಖು, ಹಣ ಕೊಟ್ಟ ತಾರೀಖು ಎರಡೇ ಇದ್ದರೆ ನಡುವಿನ ವಿಳಂಬ ಯಾರದೆಂದು ತಿಳಿಯದು.

ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತ ನನ್ನ ಸಲಹೆ ಇಷ್ಟೆ: ಕೊರತೆಗಳನ್ನು ಒಂದೇ ಸಲಕ್ಕೆ ಬರೆದುಕೊಡಲು ಹೇಳಿ, ಪ್ರತಿ ಕಾಗದಕ್ಕೂ ಮೊಹರು, ತಾರೀಖು ಇರುವ ಸ್ವೀಕೃತಿ ಪಡೆಯಿರಿ. ಕೊನೆಯ ಕಾಗದದ ಸ್ವೀಕೃತಿಯನ್ನಂತೂ ಊರಿನ ಮನೆಯಲ್ಲಿಟ್ಟು ಮುಂಬಯಿ ಬಸ್ಸು ಹತ್ತಬೇಡಿ. 15 ದಿನ ಎಣಿಸುವುದು ಅದರಿಂದಲೇ.