ಶಿಪ್ಕಾದಲ್ಲಿ ಎಲ್ಲ ಆರಾಮ

ಕೋಲ್ಕತ್ತಾಕ್ಕೆ ಬಂದು ಆರು ವರ್ಷವಾಯಿತು. ಊರಿಂದ ಯಾರೇ ಬಂದರೂ ಅವರನ್ನು ವಿಕ್ಟೋರಿಯಾ ಮೆಮೋರಿಯಲ್‌ಗೆ ಕರೆದುಕೊಂಡು ಹೋಗುವ ಡ್ಯೂಟಿ ನನ್ನದೇ. ಹಾಗೆ ಹೋದಾಗಲೆಲ್ಲ ಗೋಡೆಯಷ್ಟು ದೊಡ್ಡದೊಂದು ಚಿತ್ರದ ಮುಂದೆ ನಿಲ್ಲುತ್ತಿದ್ದೆ. 1876ರಲ್ಲಿ ವೇಲ್ಸ್ ರಾಜಕುಮಾರ ಜೈಪುರದಲ್ಲಿ ಆನೆಯ ಮೇಲೆ ಮೆರವಣಿಗೆ ಹೊರಟ ಚಿತ್ರ ಅದು. ಆನೆಗಳ ಝೂಲು, ಬಿಸಿಲು, ಎಲ್ಲವೂ ಕಣ್ಣಿಗೆ ಕಟ್ಟುವಂತಿವೆ. ಬರೆದವನು ವಸಿಲಿ ವೆರೆಶ್ಚಾಗಿನ್, ರಷ್ಯಾದವನು. ರಷ್ಯಾದವನಿಗೆ ಜೈಪುರದಲ್ಲಿ ಏನು ಕೆಲಸ ಎಂದು ಒಂದು ಭಾನುವಾರ ಹುಡುಕಲು ಕುಳಿತೆ. ರಾತ್ರಿ ಎರಡರವರೆಗೆ ಏಳಲಾಗಲಿಲ್ಲ.

ಇವನು ಮೆರವಣಿಗೆಯ ಚಿತ್ರಕಾರನೇ ಅಲ್ಲ. 1842ರಲ್ಲಿ ಹುಟ್ಟಿ, ನೌಕಾಪಡೆಯ ಶಾಲೆಯಲ್ಲಿ ಕಲಿತು, ನೌಕರಿ ಬಿಟ್ಟು ಕುಂಚ ಹಿಡಿದವನು. ಮನೆಯವರು ಏನಂದಿರಬಹುದು ಎಂಬುದನ್ನು ಎಂ.ಟೆಕ್. ಮುಗಿಸಿದ ನಾನು ಊಹಿಸಬಲ್ಲೆ! 1868ರಲ್ಲಿ ಸಮರ್‌ಕಂದದ ಕೋಟೆಯಲ್ಲಿ ರಷ್ಯನ್ನರ ಸಣ್ಣ ತುಕಡಿಯೊಂದು ಮುತ್ತಿಗೆಗೆ ಸಿಕ್ಕಿಕೊಂಡಾಗ ಬಂದೂಕು ಹಿಡಿದು ಅವರೊಂದಿಗೆ ಕಾದಾಡಿದ. ಅದಕ್ಕಾಗಿ ಸೇಂಟ್ ಜಾರ್ಜ್ ಪದಕ ಬಂತು. ಹಾಗಾಗಿ ಯುದ್ಧ ಗೊತ್ತಿಲ್ಲದೆ ಬರೆದ ಎಂದು ಅವನನ್ನು ಯಾರೂ ಜರಿಯುವಂತಿರಲಿಲ್ಲ. ಬೇರೆ ರೀತಿ ಜರಿದರು. ನದಿ ದಂಡೆಯಲ್ಲಿ ಬಿಟ್ಟುಹೋದ ರಷ್ಯನ್ ಸೈನಿಕನ ಶವ, ಅದಕ್ಕೆ ಮುತ್ತಿದ ಕಾಗೆಗಳು: ಇಂಥದ್ದೊಂದು ಚಿತ್ರವನ್ನು 1874ರ ಪೀಟರ್ಸ್‌ಬರ್ಗ್ ಪ್ರದರ್ಶನದಲ್ಲಿಟ್ಟ. ನಮ್ಮ ಸೈನ್ಯ ಸತ್ತವರನ್ನು ಹೀಗೆ ಬಿಟ್ಟು ಬರುವುದಿಲ್ಲ, ಇದು ಸುಳ್ಳು, ಇದು ಅವಮಾನ ಎಂದು ಮೇಲಿನವರು ಸಿಟ್ಟಾದರು. ಅವನು ಆ ಚಿತ್ರವನ್ನೂ ಇನ್ನೆರಡನ್ನೂ ತನ್ನ ಕೈಯಾರೆ ಸುಟ್ಟುಹಾಕಿದ. ಆಮೇಲೆ ಹೊರಟು ಬಂದದ್ದು ಭಾರತಕ್ಕೆ. ಜೈಪುರದ ಆನೆಗಳ ಹಿಂದೆ ಆ ಬೂದಿಯೂ ಇದೆ.

ಯುದ್ಧದ ಚಿತ್ರ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಶ್ರೀರಂಗಪಟ್ಟಣದ ದರಿಯಾ ದೌಲತ್. 1780ರ ಪೊಳ್ಳಿಲೂರು ಯುದ್ಧ ಅಲ್ಲಿ ಇಡೀ ಗೋಡೆಯ ಮೇಲಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಾಲು ಸಾಲು ಕುದುರೆ, ಉರುಳುವ ತಲೆಗಳು. ಶಾಲಾ ಪ್ರವಾಸದಲ್ಲಿ ನೋಡಿ ಖುಷಿಪಟ್ಟಿದ್ದೆ. ಗೆದ್ದವರು ಬರೆಸಿದ್ದು ಅದು, ಹಾಗೇ ಇದೆ. ಮುಂದೆ ಇಂಗ್ಲಿಷರು ಗೆದ್ದ ಮೇಲೆ ರಾಬರ್ಟ್ ಕೆರ್ ಪೋರ್ಟರ್ ಎಂಬ ಹುಡುಗ ಭಾರತವನ್ನೇ ನೋಡದೆ ಲಂಡನ್ನಿನಲ್ಲಿ ಕುಳಿತು, 1800ರಲ್ಲಿ, ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಕ್ಯಾನ್ವಾಸಿನಲ್ಲಿ ಬರೆದ. ಜನ ದುಡ್ಡು ಕೊಟ್ಟು ನೋಡಿದರು. ಎರಡರಲ್ಲೂ ಸಾಮಾನ್ಯ ಸಿಪಾಯಿ ಎಂದರೆ ಜಾಗ ತುಂಬುವ ಆಳು. ಅವನಿಗೆ ಮುಖವಿದ್ದರೂ ಅದು ಪಕ್ಕದವನ ಮುಖವೇ.

ವೆರೆಶ್ಚಾಗಿನ್ ಚಿತ್ರದಲ್ಲಿ ಹಾಗಲ್ಲ. 1877ರಲ್ಲಿ ರಷ್ಯಾಕ್ಕೂ ತುರ್ಕಿಗೂ ಯುದ್ಧ ಹತ್ತಿದಾಗ ಪ್ಯಾರಿಸ್ಸಿನ ಸ್ಟುಡಿಯೊ ಬಿಟ್ಟು ಹೊರಟ. ಡಾನ್ಯೂಬ್ ನದಿಯಲ್ಲಿ ಟಾರ್ಪಿಡೊ ದೋಣಿಯ ಮೇಲಿದ್ದಾಗ ತೊಡೆಗೆ ಗುಂಡು ತಗಲಿತು. ಆಸ್ಪತ್ರೆಯಿಂದ ಎದ್ದವನು ಮತ್ತೆ ರಣರಂಗಕ್ಕೇ ಹೋದ. ಆ ಸೆಪ್ಟೆಂಬರಿನಲ್ಲಿ ಪ್ಲೆವ್ನಾ ಕೋಟೆಯ ಮೇಲೆ ನಡೆದ ಮೂರನೆಯ ದಾಳಿ ಸೋತಿತು. ಚಕ್ರವರ್ತಿಯ ನಾಮದಿನವೆಂದು ಅದೇ ದಿನ ಆರಿಸಿದ್ದ ದಾಳಿ ಅದು. ಅವನ ತಮ್ಮ ಸೆರ್ಗೇಯ್ ಅಲ್ಲೇ ಸತ್ತ, ಶವವೂ ಸಿಗಲಿಲ್ಲ. ಆಮೇಲೆ ಬರೆದ ಚಿತ್ರದಲ್ಲಿ ಚಕ್ರವರ್ತಿ ಗುಡ್ಡದ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ. ಹಿಂದೆ ಅಧಿಕಾರಿಗಳು. ದೂರದಲ್ಲಿ ಹೊಗೆ. ಸೈನಿಕ ಒಬ್ಬನೂ ಕಾಣುವುದಿಲ್ಲ. ಅಷ್ಟೇ ಚಿತ್ರ. ತಮ್ಮನನ್ನು ಕಳೆದುಕೊಂಡವನು ಇಷ್ಟು ತಣ್ಣಗೆ ಹೇಗೆ ಬರೆದನೋ!

ಎಂಜಿನಿಯರ್ ಆದ ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. ಪ್ಯಾರಿಸ್ ಬಳಿಯ ಮೇಜೋಂ ಲಫೀತ್‌ನಲ್ಲಿ ಅವನು ಹಳಿಗಳ ಮೇಲೆ ಓಡುವ ಸ್ಟುಡಿಯೊ ಕಟ್ಟಿಸಿದ್ದ. ಮಾಡೆಲ್ ಬಿಸಿಲಲ್ಲಿ ನಿಲ್ಲಬೇಕು, ಸೂರ್ಯ ಸರಿದಂತೆ ಸ್ಟುಡಿಯೊ ಸರಿಯಬೇಕು. ನೆರಳು ತಪ್ಪಾಗಬಾರದಲ್ಲ! ಹಾಗೆಂದು ಅವನದೆಲ್ಲ ದೋಷವಿಲ್ಲದ್ದು ಎಂದು ನಾನು ಹೇಳಲಾರೆ. ಇಂಗ್ಲಿಷರು ಭಾರತದ ಬಂಡಾಯಗಾರರನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸುವ ಅವನ ಪ್ರಸಿದ್ಧ ಚಿತ್ರದಲ್ಲಿ ಸೈನಿಕರ ಉಡುಪು 1857ರದಲ್ಲ, ಅವನ ಕಾಲದ್ದು. ಆದರೆ 1872ರಲ್ಲಿ ಮಲೇರ್‌ಕೋಟ್ಲಾದಲ್ಲಿ ಕೂಕಾಗಳನ್ನೂ ಹಾಗೆಯೇ ಕೊಂದಿದ್ದರು. ಹಾಗಾಗಿ ಉಡುಪಿನ ತಪ್ಪನ್ನು ದೊಡ್ಡದು ಮಾಡಲು ಮನಸ್ಸು ಬರುವುದಿಲ್ಲ.

ನನ್ನನ್ನು ಆ ರಾತ್ರಿ ಹಿಡಿದು ಕೂರಿಸಿದ್ದು ಇವು ಯಾವುವೂ ಅಲ್ಲ. ಮೂರು ಚಿತ್ರಗಳ ಒಂದು ಸರಣಿ. ಬಲ್ಗೇರಿಯಾದ ಶಿಪ್ಕಾ ಕಣಿವೆ, 1877ರ ಚಳಿಗಾಲ. ಮೊದಲನೆಯದರಲ್ಲಿ ಕಾವಲುಗಾರನೊಬ್ಬ ಹಿಮಗಾಳಿಗೆ ಮೈಯೊಡ್ಡಿ ನಿಂತಿದ್ದಾನೆ. ಎರಡನೆಯದರಲ್ಲಿ ಕುಗ್ಗಿದ್ದಾನೆ, ಹಿಮ ಮೇಲೇರಿದೆ. ಮೂರನೆಯದರಲ್ಲಿ ಬರೀ ಹಿಮದ ದಿಬ್ಬ. ಹೆಸರು, 'ಶಿಪ್ಕಾದಲ್ಲಿ ಎಲ್ಲವೂ ಶಾಂತ'. ಹೆಸರು ಅವನು ಕಟ್ಟಿದ್ದಲ್ಲ. ಜನರಲ್ ರಾದೆಟ್ಸ್ಕಿ ಅಲ್ಲಿಂದ ಕಳಿಸುತ್ತಿದ್ದ ವರದಿಯ ಒಕ್ಕಣೆಯೇ ಅದು. ಗುಂಡಿಲ್ಲ, ದಾಳಿಯಿಲ್ಲ, ಆದ್ದರಿಂದ ಶಾಂತ. ಚಳಿಗೆ ಸತ್ತವರು ಆ ವಾಕ್ಯದಲ್ಲಿ ಬರುವುದಿಲ್ಲ.

ಐಟಿಯಲ್ಲಿರುವವರಿಗೆ ಈ ವಾಕ್ಯ ಹೊಸತಲ್ಲ. ಪ್ರತಿ ಶುಕ್ರವಾರ ನಾನೂ ಸ್ಟೇಟಸ್ ರಿಪೋರ್ಟ್ ಕಳಿಸುತ್ತೇನೆ. ಹಸಿರು, ಹಳದಿ, ಕೆಂಪು. ಎರಡು ವರ್ಷದ ಹಿಂದೆ ಒಂದು ರಿಲೀಸಿನಲ್ಲಿ ನನ್ನ ತಂಡದ ಹುಡುಗನೊಬ್ಬ ಜ್ವರ ಇಟ್ಟುಕೊಂಡು ಮೂರು ರಾತ್ರಿ ಕೆಲಸ ಮಾಡಿದ. ನನಗೆ ಗೊತ್ತಿತ್ತು. ಶುಕ್ರವಾರ ಹಸಿರು ಹಾಕಿ ಕಳಿಸಿದೆ. ಕೆಲಸ ಸಮಯಕ್ಕೆ ಮುಗಿಯುವುದರಲ್ಲಿತ್ತು, ಹಾಗಾಗಿ ಹಸಿರು ಸುಳ್ಳೂ ಅಲ್ಲ. ಸೋಮವಾರ ಅವನು ಆಸ್ಪತ್ರೆಯಲ್ಲಿದ್ದ, ಡೆಂಗಿ. ಗುಣವಾದ. ನನ್ನ ಮೇಲೆ ಬೇಜಾರೂ ಮಾಡಿಕೊಳ್ಳಲಿಲ್ಲ, ಅದೇ ನನಗೆ ಇನ್ನೂ ಕಷ್ಟ.

ಮಾರನೆಯ ದಿನ ಆ ಮೂರು ಚಿತ್ರಗಳನ್ನು ಊರಿನ ಕಾಕಾನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ನಮ್ಮದು ಬೈಲಹೊಂಗಲದ ಕಡೆಯ ಹಳ್ಳಿ. ಕಾಕಾ ಬೆಳಗಾವಿಯಲ್ಲಿ ಭರ್ತಿಯಾಗಿ, ಲಡಾಖಿನ ಹಿಮದಲ್ಲಿದ್ದು ಬಂದವರು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅವರ ಇನ್‌ಲ್ಯಾಂಡ್ ಪತ್ರಗಳನ್ನು ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದು. ಎಲ್ಲ ಪತ್ರವೂ ಒಂದೇ. 'ಇತ್ತ ನಾನು ಆರಾಮ ಇದ್ದೇನೆ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ.' ಆ ವರ್ಷ ರಜೆಗೆ ಬಂದವರು ಪಡಸಾಲೆಯಲ್ಲಿ ಬೂಟು ಬಿಚ್ಚಿದಾಗ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಅಜ್ಜಿ ಅತ್ತದ್ದಕ್ಕಿಂತ ನನ್ನ ಕಡೆ ನೋಡಿದ್ದು ನೆನಪಿದೆ. ಆರಾಮ ಅಂತ ಓದಿ ಹೇಳಿದವನು ನಾನೇ ತಾನೆ!

ಚಿತ್ರ ನೋಡಿ ಕಾಕಾ ಸಂಜೆ ಫೋನ್ ಮಾಡಿದರು. ಕಲೆಯ ಮಾತು ಅವರಿಗೆ ಬೇಕಿಲ್ಲ.

"ತಮ್ಮಾ, ಇಂವನ್ನ ಬದ್ಲಿ ಮಾಡಾಕ ಯಾರೂ ಬಂದಿಲ್ಲ ನೋಡು" ಅಂದರು.

ನಾನು ಆ ಚಿತ್ರಗಳನ್ನು ಎಷ್ಟು ಸಲ ನೋಡಿದ್ದೆನೋ, ಇದು ಹೊಳೆದಿರಲಿಲ್ಲ. ಮೂರರಲ್ಲೂ ಅವನು ಒಬ್ಬನೇ. ಕಾಕಾ ವಿವರಿಸಿದರು. ಅಂಥ ಥಂಡಿಯಲ್ಲಿ ಸೆಂಟ್ರಿಯನ್ನು ಬೇಗ ಬೇಗ ಬದಲಿಸಬೇಕು, ಬರುವವನು ತಡಮಾಡಿದರೆ ನಿಂತವನು ಕಾಲು ಆಡಿಸುತ್ತಲೇ ಇರಬೇಕು, ಕಾಲು ನೋಯುವುದು ನಿಂತಿತೆಂದರೆ ಅಲ್ಲಿಗೆ ಹೋಯಿತು. "ನೋವು ನಿಂತಾಗ ಆರಾಮ ಅನಸ್ತದ. ಅದs ಕೆಟ್ಟದ್ದು." ಇಪ್ಪತ್ತೈದು ವರ್ಷದಲ್ಲಿ ಆ ಬೆರಳುಗಳ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

"ಬರದಾಂವ ಏನಾದ?" ಎಂದು ಕೇಳಿದರು. ಹೇಳಿದೆ. 1904ರ ಏಪ್ರಿಲ್‌ನಲ್ಲಿ, ಜಪಾನಿನೊಂದಿಗಿನ ಯುದ್ಧ ನೋಡಲು ಹೋದವನು, ಅರವತ್ತೊಂದರ ವಯಸ್ಸಿನಲ್ಲಿ, ಪೋರ್ಟ್ ಆರ್ಥರ್ ಬಳಿ ಹಡಗು ಮೈನಿಗೆ ಸಿಕ್ಕಿ ಅಡ್ಮಿರಲ್ ಮಕಾರೋವ್ ಜೊತೆಗೆ ಮುಳುಗಿದ ಎಂದು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿನ್ನ ಕೆಲಸ ಹೇಗಿದೆ ಅಂದರು. ಆರಾಮ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಆ ಹುಡುಗನ ಡೆಂಗಿಯ ಕಥೆ ಹೇಳಿದೆ. ಬೈಯಲಿಲ್ಲ. ಹೂಂ ಅಂದರು.

ಡಿಸೆಂಬರಿನಲ್ಲಿ ಕಾಕಾ ಕೋಲ್ಕತ್ತಾಕ್ಕೆ ಬರುತ್ತಿದ್ದಾರೆ, ಆನೆಯ ಚಿತ್ರ ನೋಡಬೇಕಂತೆ. ಟಿಕೆಟ್ ಮಾಡಲು ಕೇಳಿದಾಗ ಕೆಳಗಿನ ಬರ್ತೇ ಬೇಕು, ಆ ಕಾಲಿನಿಂದ ಮೇಲೆ ಹತ್ತಲು ಮೊದಲಿನಿಂದಲೂ ಆಗುವುದಿಲ್ಲ ಅಂದರು. ಇಷ್ಟು ವರ್ಷ ಅವರಿಗೆ ನಾನೇ ಟಿಕೆಟ್ ತೆಗೆದಿದ್ದೇನೆ, ಎಲ್ಲವೂ ಮೇಲಿನ ಬರ್ತೇ.